ಮೆಟ್ಟಿಲ ಕೆಳಗಿನ ಹೂಂಗ

ಫೆಬ್ರವರಿ 9

ಕುಳ್ಳಿ,

ನಿನಗಿಂತ ಒಂದು ಗೇಣು ಎತ್ತರ ಬೆಳೆದು ನಿಂತವಳನ್ನು ಇನ್ನೂ ಹೀಗೆ ಕರೆಯುತ್ತೀಯಲ್ಲ ಎಂದು ನೀನು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತಿದೆ. ಬೇರೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಈ ನಾಲ್ಕು ವರ್ಷದಲ್ಲಿ ಮೂರು ಸಲ ಕಾಗದ ಹಿಡಿದು ಕೂತಿದ್ದೆ. ಮೂರು ಸಲವೂ 'ಪ್ರೀತಿಯ ಮಗಳಿಗೆ' ಎಂದು ಬರೆದು, ಅದು ಯಾರದೋ ಮಗಳಿಗೆ ಬರೆದ ಹಾಗೆ ಕಂಡು, ಹರಿದು ಹಾಕಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನನಗೆ ಮಾತು ಮರೆತುಹೋಗುತ್ತದೆ.

ಈಗ ಒಂದು ಕೆಲಸದ ಮೇಲೆ ಬರೆಯುತ್ತಿದ್ದೇನೆ. ಪ್ರಕಾಶನದ ಸಂಪಾದಕಿ ಮೊನ್ನೆ ಮನೆಗೆ ಬಂದಿದ್ದಳು. ಬರುವ ನವೆಂಬರಿಗೆ 'ಮೆಟ್ಟಿಲ ಕೆಳಗಿನ ಹೂಂಗ' ಪುಸ್ತಕ ಬಂದು ನಲವತ್ತು ವರ್ಷವಾಗುತ್ತದಂತೆ. ಈಗ ಅಂಗಡಿಯಲ್ಲಿರುವ ಪ್ರತಿಗಳಲ್ಲಿ ಬಣ್ಣ ಸತ್ತು ಹೋಗಿ ಹೂಂಗ ನೀರಿನಲ್ಲಿ ಬಿದ್ದ ದಿಂಬಿನ ಹಾಗೆ ಕಾಣುತ್ತದೆ, ಮೂಲ ಚಿತ್ರಗಳಿಂದಲೇ ಹೊಸದಾಗಿ ಅಚ್ಚು ಹಾಕಿಸೋಣ ಎಂದಳು. ಕಪಾಟಿನ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ ನೋಡಿದೆವು. ಹದಿನಾರು ಚಿತ್ರಗಳಲ್ಲಿ ಹದಿನೈದು ಚೆನ್ನಾಗಿವೆ. ಕೊನೆಯದಕ್ಕೆ ತೇವ ಹತ್ತಿದೆ. ಹುಲ್ಲು, ಆಕಾಶ, ನಡೆದು ಹೋಗುತ್ತಿರುವ ಹೂಂಗ, ಎಲ್ಲ ಕಲಸಿ ಒಂದೇ ಬೂದು.

ಅದೊಂದನ್ನು ಮತ್ತೆ ಬರೆದುಕೊಡಿ ಎಂದಿದ್ದಾಳೆ. ಮೇಜಿನ ಮುಂದೆ ಕೂತು ಹತ್ತು ದಿನವಾಯಿತು. ಕೈ ಹೇಳಿದ ಮಾತು ಕೇಳುತ್ತಿಲ್ಲ. ವಯಸ್ಸು, ಮತ್ತೇನಿಲ್ಲ, ನೀನು ಏನೇನೋ ಕಲ್ಪಿಸಿಕೊಳ್ಳಬೇಡ. ಕೈಗಿಂತ ದೊಡ್ಡ ತೊಡಕು ಬೇರೆ ಇದೆ. ಆಗ ಅದರ ಕಾಲುಗಳನ್ನು ಹುಲ್ಲಿನಲ್ಲಿ ಮುಚ್ಚಿಬಿಟ್ಟಿದ್ದೆ. ಪುಸ್ತಕದಲ್ಲಿ ಎಲ್ಲೂ ಹೂಂಗನ ಪಾದ ಕಾಣುವುದಿಲ್ಲ ಎಂಬುದು ಈಗ ಒಂದೊಂದೇ ಪುಟ ತಿರುಗಿಸಿದಾಗ ಗೊತ್ತಾಯಿತು. ಈ ಸಲ ಹುಲ್ಲು ಬೇಡ, ಬರೀ ಮಣ್ಣಿನ ದಾರಿ ಇರಲಿ ಅನ್ನಿಸಿದೆ. ಆದರೆ ಪಾದ ಹೇಗಿತ್ತೆಂದು ನನಗೆ ನೆನಪಿಲ್ಲ. ನೀನು ಹೇಳಿದ್ದೆಯೋ ಇಲ್ಲವೋ, ಅದೂ ನೆನಪಿಲ್ಲ. ಎಷ್ಟು ಬೆರಳಿತ್ತು? ಅಷ್ಟು ತಿಳಿಸಿದರೆ ಸಾಕು.

ಉತ್ತರ ಬಂದರೂ ಬರದಿದ್ದರೂ ನಿನ್ನ,
ಅಮ್ಮ


ಫೆಬ್ರವರಿ 27

ಅಮ್ಮ,

ನಿನ್ನ ಕಾಗದ ಹತ್ತು ದಿನ ಕಾರ್ಯಾಗಾರದ ನನ್ನ ಡ್ರಾಯರಿನಲ್ಲಿ, ಅಳತೆ ಚೀಟಿಗಳ ಕೆಳಗೆ ಇತ್ತು.

ಐದು ಬೆರಳು. ಮನುಷ್ಯರ ಹಾಗೆಯೇ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಒಂದಿಷ್ಟು ಉದ್ದ. ಯಾವಾಗ ಮುಟ್ಟಿದರೂ ತಣ್ಣಗಿರುತ್ತಿತ್ತು. ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವ ಕೆಲಸದವಳು ನಾನು, ಪಾದದ ವಿಷಯ ಮರೆಯುವುದಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಇಲ್ಲಿಗೇ ಸಹಿ ಹಾಕಿ ಮಡಚಬೇಕಿತ್ತು.

ಆದರೆ ಒಂದು ಮಾತು. ನನ್ನನ್ನು ಯಾಕೆ ಕೇಳುತ್ತೀ? ನಾಲ್ಕು ವರ್ಷದ ಹಿಂದೆ ನಿನ್ನನ್ನು ಸನ್ಮಾನಿಸಿದ ಆ ಸಭಾಂಗಣದಲ್ಲಿ ಯಾರೋ ಎದ್ದು, ಈ ಹೂಂಗ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ನೀನು ಒಂದು ಗುಟುಕು ನೀರು ಕುಡಿದು, ನಕ್ಕು, "ಕನಸಲ್ಲಿ ಬಂತು" ಅಂದೆ. ಚಪ್ಪಾಳೆ ಬಿತ್ತು. ನಾನು ಎದ್ದು ಹೊರಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೂ ಆ ಚಪ್ಪಾಳೆ ಕಿವಿಯಲ್ಲೇ ಇತ್ತು.

ಅದು ನಿನ್ನ ಕನಸಿನಲ್ಲಿ ಬಂದಿರಲಿಲ್ಲ. ನನಗೆ ಆರು ವರ್ಷವಿದ್ದಾಗ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಪೊರಕೆ ಮತ್ತು ಹಳೆಯ ಬಕೆಟ್ಟಿನ ಹಿಂದೆ, ನನಗೆ ಸಿಕ್ಕಿತ್ತು. ಏನು ಕೇಳಿದರೂ 'ಹೂಂ' ಅನ್ನುತ್ತಿತ್ತೆಂದು ಹೂಂಗ ಎಂದು ಹೆಸರಿಟ್ಟವಳೂ ನಾನೇ. ನೀನು ಅದನ್ನು ಬರೆದೆ. ಆಮೇಲೆ ಶಾಲೆ ಶಾಲೆಗೆ ನನ್ನನ್ನು ಕರೆದುಕೊಂಡು ಹೋಗಿ, ಮಕ್ಕಳ ಮುಂದೆ ನಿಲ್ಲಿಸಿ, ಪುಸ್ತಕದ ಹುಡುಗಿ ಇವಳೇ ಎಂದು ತೋರಿಸಿದೆ. ಎಲ್ಲರ ಕೈಯಲ್ಲೂ ನನ್ನ ಹೂಂಗ. ಮೆಟ್ಟಿಲ ಕೆಳಗೆ ಮಾತ್ರ ಪೊರಕೆ ಮತ್ತು ಬಕೆಟ್ಟು.

ಮೊದಲ ಪುಟದಲ್ಲಿ ನೀನು ಬರೆದ ಅರ್ಪಣೆ ನೆನಪಿದೆಯಾ? 'ಹತ್ತೊಂಬತ್ತು ದಿನದ ಪುಟ್ಟನಿಗೆ.' ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬರೀ ಹತ್ತೊಂಬತ್ತು ದಿನ ಇದ್ದ ಕೂಸಿನ ಮೇಲೆ ಏನು ಹೊಟ್ಟೆಕಿಚ್ಚು? ಆದರೆ ನನ್ನಲ್ಲಿ ಇದ್ದದ್ದು ಅದೊಂದೇ, ಅದನ್ನೂ ನೀನು ಅವನಿಗೆ ಕೊಟ್ಟೆ.

ಕಾಲಿನ ಮಾಹಿತಿ ನಿನ್ನ ಚಿತ್ರಕ್ಕೆ ಸಾಕಾಗುತ್ತದೆ ಅಂದುಕೊಳ್ಳುತ್ತೇನೆ.

ಮಗಳು


ಮಾರ್ಚ್ 16

ಕುಳ್ಳಿ,

ಬೆರಳಿಗೆ ಉಪಕಾರವಾಯಿತು. ಉಳಿದದ್ದಕ್ಕೆ ಏನು ಹೇಳಲಿ? ಕಾಗದವನ್ನು ಮೂರು ಸಲ ಓದಿದೆ. ಸಿಟ್ಟು ಬಂತು. ನಾಲ್ಕನೆಯ ಸಲ ಸಿಟ್ಟು ಬರಲಿಲ್ಲ.

'ಕನಸಲ್ಲಿ ಬಂತು' ಅಂದದ್ದು ತಪ್ಪು. ಅದನ್ನು ಅಂದ ಕ್ಷಣವೇ ಗೊತ್ತಾಗಿತ್ತು, ಮೂರನೆಯ ಸಾಲಿನಲ್ಲಿ ನಿನ್ನ ಕುರ್ಚಿ ಖಾಲಿಯಾದದ್ದನ್ನೂ ನೋಡಿದೆ. ವೇದಿಕೆ ಇಳಿದು ಓಡಿ ಬರಬೇಕಿತ್ತು. ಕೊರಳಲ್ಲಿ ಹಾರ, ಪಕ್ಕದಲ್ಲಿ ಅಧ್ಯಕ್ಷರು. ಅಲ್ಲೇ ಕೂತೆ. ಕೂತು ಇನ್ನೂ ಎರಡು ಪ್ರಶ್ನೆಗೆ ಉತ್ತರ ಕೊಟ್ಟೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುವುದು ಆ ಎರಡು ಉತ್ತರಗಳಿಗಾಗಿ.

ನಿಜ ಹೇಳಬೇಕೆಂದರೆ, ಮಗಳು ಹೇಳಿದ್ದು ಅಂದಿದ್ದರೆ ಆಗ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದರು. ಆಗ ನಾನು ಏನೂ ಮಾಡುತ್ತಿರಲಿಲ್ಲ. ಆ ಏಳು ತಿಂಗಳ ಮಾತು ನಾನು ನಿಮ್ಮಪ್ಪನ ಹತ್ತಿರವೂ ಆಡಿದವಳಲ್ಲ. ಅವರು ಪಾಪ, ಬಾಟಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಬಾಗಿಲಲ್ಲಿ ನಿಂತು ನನ್ನ ಬೆನ್ನು ನೋಡಿ, ಹೋಗಿ ಮಲಗುತ್ತಿದ್ದರು. ಸಾಯುವ ತನಕ ಅವರೂ ಕೇಳಲಿಲ್ಲ. ಈಗಲೂ ಆ ಮಾತು ಬೇಡ.

ಸಂಪಾದಕಿ ವಾರಕ್ಕೆ ಎರಡು ಸಲ ಬಂದು ಹೋಗುತ್ತಾಳೆ. ಚಿತ್ರ ಕೇಳುವ ನೆವ. ಬಂದವಳು ಪಾತ್ರೆ ತೊಳೆದು, ಔಷಧಿ ಡಬ್ಬಿ ಎಣಿಸಿ ಹೋಗುತ್ತಾಳೆ. ತನಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ನನಗೆ ಗದರುತ್ತಾಳೆ ಬೇರೆ. ನಿನ್ನ ಪಾದವನ್ನು ಪೆನ್ಸಿಲಿನಲ್ಲಿ ಬರೆದು ನೋಡಿದೆ. ಅಂದರೆ ಹೂಂಗನ ಪಾದವನ್ನು. ಗೆರೆ ನಡುಗಿದರೂ ಪಾದದ ಹಾಗೆ ಕಾಣುತ್ತದೆ. ನೀನು ಇದ್ದಿದ್ದರೆ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಆರು ವರ್ಷದಲ್ಲೇ ನಿನಗೆ ಆ ಸೊಕ್ಕಿತ್ತು. "ಇದು ಅಲ್ಲ, ಇನ್ನೂ ಬೂದು" ಅನ್ನುತ್ತಿದ್ದೆ.

ನಿನ್ನ ಕೈಕೆಲಸ ಒಂದು ಸಲವೂ ನೋಡದ,
ಅಮ್ಮ


ಏಪ್ರಿಲ್ 20

ಅಮ್ಮ,

ಬರೆಯಬಾರದೆಂದು ತೀರ್ಮಾನಿಸಿದ್ದೆ. ಒಂದು ಹುಡುಗಿಯ ದೆಸೆಯಿಂದ ಬರೆಯುತ್ತಿದ್ದೇನೆ.

ಏಳು ವರ್ಷ. ಮಾತು ನಿಲ್ಲಿಸುವುದೇ ಇಲ್ಲವೆಂದು ಕಾರ್ಯಾಗಾರದಲ್ಲಿ ಎಲ್ಲರೂ ಗಿಳಿ ಎಂದೇ ಕರೆಯುತ್ತೇವೆ. ಹಿತ್ತಲಿನ ಗೋಡೆ ಕುಸಿದು ಎಡಗಾಲು ಮಂಡಿಯ ಕೆಳಗೆ ಹೋಗಿದೆ. ಅಳತೆಗೆ ಬಂದ ದಿನ ಅವಳ ಕಂಕುಳಲ್ಲಿ ಒಂದು ಪುಸ್ತಕ. ರಟ್ಟಿನ ಮೂಲೆಗಳೆಲ್ಲ ಸವೆದು ಹತ್ತಿ ಹತ್ತಿಯಾಗಿದ್ದವು. ದೂರದಿಂದಲೇ ಗುರುತು ಸಿಕ್ಕಿತು.

ಅಚ್ಚು ತೆಗೆಯಲು, ಉಳಿದ ಮೋಟುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಬಿಗಿಯುವ ತನಕ ಅಲುಗಾಡದೆ ಇರಬೇಕು. ಮಕ್ಕಳಿಗೆ ಅದು ಕಷ್ಟ. ಗಿಳಿ ತಾನೇ ಒಂದು ಉಪಾಯ ಹೇಳಿದಳು: ನನಗೆ ಕಥೆ ಓದಿ ಹೇಳುತ್ತಾಳಂತೆ, ನಾನು ಹೂಂಗುಟ್ಟಬೇಕಂತೆ. ಓದಲು ಅವಳಿಗೆ ಅಷ್ಟಾಗಿ ಬರುವುದಿಲ್ಲ, ಎಲ್ಲ ಬಾಯಿಪಾಠ. ಎರಡೂ ಕೈ ಪ್ಲಾಸ್ಟರಿನಲ್ಲಿ ಹುದುಗಿದ್ದ ನನಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮೂವತ್ತು ವರ್ಷದಿಂದ ಮುಟ್ಟದ ಪುಸ್ತಕವನ್ನು ಹೂಂ, ಹೂಂ ಎನ್ನುತ್ತಾ ಕೇಳಿದೆ. ಮೆಟ್ಟಿಲ ಕೆಳಗೆ ಬೆನ್ನು ಹಾಕಿ ಮಲಗಿದ ಬೂದು ಪ್ರಾಣಿ. ದಿನಾ ಹೋಗಿ ಪಕ್ಕದಲ್ಲಿ ಕೂರುವ ಹುಡುಗಿ. ಬಿಸ್ಕತ್ತು ಇಟ್ಟರೆ ತಿನ್ನುವುದಿಲ್ಲ. ಹಾಡಿದರೆ ಕೇಳುತ್ತದೆ. ಒಂದು ದಿನ ಕಿವಿ ಅಲುಗುತ್ತದೆ, ಇನ್ನೊಂದು ದಿನ ಮುಖ ತಿರುಗಿಸುತ್ತದೆ. ಆ ಮುಖದ ಪುಟ ಬಂದಾಗ, ಅಮ್ಮ, ನೀನು ಅದನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯೆಂದು ಮೊದಲ ಸಲ ನೋಡಿದೆ. ಸಣ್ಣವಳಿದ್ದಾಗ ಅದನ್ನು ನೋಡುವ ತಾಳ್ಮೆ ಇರಲಿಲ್ಲ.

ಕೊನೆಯ ಪುಟ ಬರುವ ಮೊದಲೇ ಗಿಳಿ ಪುಸ್ತಕ ಮುಚ್ಚಿದಳು. ಅದನ್ನು ತಾನು ಓದುವುದಿಲ್ಲ ಎಂದಳು. ಹೂಂಗ ಯಾಕೆ ಹೋಯಿತು, ಎಲ್ಲಿಗೆ ಹೋಯಿತು ಎಂದು ನನ್ನನ್ನು ವಿಚಾರಿಸಿದಳು. ನನಗೆ ಗೊತ್ತಿಲ್ಲ ಅಂದೆ. "ಹಾಗಾದ್ರೆ ಬರೆದೋರನ್ನ ಕೇಳಬೇಕು" ಅಂದಳು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಆ ಪುಟ ಬರೆಯುತ್ತಿದ್ದ ಮಧ್ಯಾಹ್ನ ನಾನು ನಿನ್ನ ಕೈ ಹಿಡಿದುಕೊಂಡಿದ್ದೆ. ಕುಂಚ ಜಾರಿ ಮೇಜಿನ ಮೇಲೆಲ್ಲ ಬಣ್ಣವಾಗಿತ್ತು. "ಕಳಿಸಬೇಡಮ್ಮ" ಅಂದಿದ್ದೆ. ನೀನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಥೆಗೆ ಕೊನೆ ಬೇಕಲ್ಲ ಅಂದೆ. ಆಮೇಲೆ ಅದು ಮತ್ತೆ ಬರಲಿಲ್ಲ. ಎಷ್ಟು ದಿನ ಬಿಸ್ಕತ್ತು ಇಟ್ಟೆನೋ ಲೆಕ್ಕವಿಲ್ಲ, ಇರುವೆ ತಿಂದವು. ನೀನು ಚಿತ್ರದಲ್ಲಿ ಕಳಿಸಿದ್ದಕ್ಕೇ ಅದು ಹೋಯಿತೆಂದು ಆರು ವರ್ಷದವಳು ನಂಬಿದ್ದಳು. ನಲವತ್ತೇಳರವಳೂ ಒಳಗೊಳಗೆ ಅದನ್ನೇ ನಂಬಿದ್ದಾಳೆ, ಬಾಯಿ ಬಿಟ್ಟು ಹೇಳಲು ನಾಚಿಕೆ.

ಯಾಕೆ ಕಳಿಸಿದೆ?

ಗಿಳಿಗೂ ಹೇಳಬೇಕು. ಅವಳ ತಾಯಿ ಒಳಗೆ ಬರುವುದೇ ಇಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಹಾಗಾಗಿ ಎಲ್ಲ ಪ್ರಶ್ನೆಯೂ ನನಗೇ.

ಕಾಯುತ್ತಿರುವ,
ಮಗಳು


ಮೇ 11

ಕುಳ್ಳಿ,

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಅಕ್ಷರ ಸೊಟ್ಟಗಿರುವುದಕ್ಕೆ ಏನೂ ಅಂದುಕೊಳ್ಳಬೇಡ.

ಬೇಡ ಅಂದಿದ್ದ ಮಾತನ್ನೇ ಆಡಬೇಕಾಗಿ ಬಂತು. ನಿನ್ನ ತಮ್ಮ ಹೋದದ್ದು ಜೂನ್ ತಿಂಗಳ ಮೊದಲ ವಾರ. ಆಸ್ಪತ್ರೆಯಿಂದ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ನಾನು. ನಾಳೆ ಏಳುತ್ತೇನೆ ಅನ್ನಿಸುತ್ತಿತ್ತು. ನಾಳೆ ಬಂದರೆ ಅದೇ ಗೋಡೆ. ಸುಣ್ಣದಲ್ಲಿ ಒಂದು ಬಿರುಕಿತ್ತು, ನದಿಯ ಹಾಗೆ ಮೇಲಿನಿಂದ ಕೆಳಗೆ. ಅದನ್ನು ನೋಡುತ್ತಿದ್ದೆ. ಮನೆಯಲ್ಲಿ ನೀನು ಇದ್ದೀಯೆಂದು ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಬೀದಿಯಲ್ಲಿ ಬಸ್ಸು ಹೋಗುವುದು ಗೊತ್ತಾಗುತ್ತದಲ್ಲ, ಹಾಗೆ.

ಡಿಸೆಂಬರಿನಲ್ಲಿ ಒಂದು ದಿನ ನೀನು ಬಂದು ಮಂಚದ ಅಂಚಿನಲ್ಲಿ ಕೂತು, ಮೆಟ್ಟಿಲ ಕೆಳಗೆ ಒಂದು ಪ್ರಾಣಿ ಇದೆ ಅಂದೆ. ತಲೆಯ ಮೇಲೆ ಕೂದಲೇ ಇಲ್ಲ, ಮೈಯೆಲ್ಲ ಬೂದು, ಕಾಲು ತಣ್ಣಗೆ, ಹಾಲಿನ ವಾಸನೆ ಬರುತ್ತದೆ, ಮಾತಾಡಲು ಬರುವುದಿಲ್ಲ, ಹೂಂ ಅಂತ ಮಾತ್ರ ಅನ್ನುತ್ತದೆ. ಕೂದಲಿಲ್ಲದ ತಲೆ, ತಣ್ಣನೆಯ ಕಾಲು, ಹಾಲಿನ ವಾಸನೆ. ಅವನೇ. ನನ್ನ ಮಗು ನನ್ನ ಹತ್ತಿರ ಬರದೆ ಮೆಟ್ಟಿಲ ಕೆಳಗೆ ಅಕ್ಕನ ಹತ್ತಿರ ಬಂದಿದೆ ಅನ್ನಿಸಿತು. ನನಗೆ ಬುದ್ಧಿ ನೆಟ್ಟಗಿರಲಿಲ್ಲ, ಒಪ್ಪುತ್ತೇನೆ. ನಾನು ಗೋಡೆ ಬಿಟ್ಟು ನಿನ್ನ ಕಡೆ ತಿರುಗಿ ಕೇಳಿದ್ದು ಒಂದೇ, "ಅದಕ್ಕೆ ಬಾಲ ಇದೆಯಾ?" ಬಾಲ ಇದ್ದರೆ ಅವನಲ್ಲ ಎಂದು ಸಮಾಧಾನವಾಗುತ್ತಿತ್ತು. ನೀನು ಇಲ್ಲ ಅಂದೆ.

ಆಮೇಲೆ ಎದ್ದೆ. ಅವನನ್ನು ನೋಡಬೇಕಿತ್ತು, ನೀನು ಮಾತ್ರ ನೋಡಿದ್ದೆ, ಹಾಗಾಗಿ ನಿನ್ನನ್ನು ಕೇಳಿ ಕೇಳಿ ಬರೆದೆ. ಅವನು ನಗುವುದು, ಓಡುವುದು, ನಿನ್ನ ಜೊತೆ ಆಡುವುದು, ಎಲ್ಲ ಆ ಪುಟಗಳಲ್ಲಿ ನೋಡಿದೆ. ಹದಿನೈದು ಚಿತ್ರವಾಯಿತು. ಆಗ ಹೆದರಿಕೆ ಬಂತು. ನೀನು ದಿನಾ ಬಿಸ್ಕತ್ತು ಹಿಡಿದು ಮೆಟ್ಟಿಲ ಕೆಳಗೆ ಕೂರುತ್ತಿದ್ದೆ. ಸತ್ತವನ ಜೊತೆ ನನ್ನ ಬದುಕಿದ ಮಗುವೂ ಹೊರಟುಹೋದರೆ? ಅವನನ್ನು ಕಳಿಸಿಕೊಡಲೇಬೇಕು ಅನ್ನಿಸಿತು. ಕಾಲು ಬರೆಯಲು ಧೈರ್ಯವಾಗಲಿಲ್ಲ. ಅವನ ಕಾಲನ್ನು ಕೊನೆಯ ಸಲ ಹಿಡಿದವಳು ನಾನು, ಕುಳ್ಳಿ. ಹುಲ್ಲು ಬರೆದು ಮುಚ್ಚಿದೆ. ನಿನ್ನ ಬೆರಳು ಬಿಡಿಸಿದ್ದು ನೆನಪಿದೆ.

ಅರ್ಪಣೆ ಅದಕ್ಕೇ ಅವನಿಗೆ. ನಿನ್ನದನ್ನು ಕಿತ್ತು ಅವನಿಗೆ ಕೊಟ್ಟೆ ಎಂದು ಆಗ ಹೊಳೆದಿರಲಿಲ್ಲ. ಅವನದನ್ನು ಅವನಿಗೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

ಗಿಳಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ತಡವಾಗಿ ಹೇಳಿದ,
ಅಮ್ಮ


ಜೂನ್ 24

ಅಮ್ಮ,

ಆರು ವಾರ ತಡ ಮಾಡಿದೆ. ನಿನ್ನ ಕಾಗದ ಓದಿ ಅತ್ತೆ ಎಂದು ಬರೆಯಬಹುದಿತ್ತು, ಅದು ನಿಜವೂ ಹೌದು. ಆದರೆ ಓದುವಾಗಲೆಲ್ಲ ಏನೋ ಹೊಂದುತ್ತಿಲ್ಲ ಅನ್ನಿಸುತ್ತಿತ್ತು. ಅಳತೆ ಸರಿಯಿದ್ದೂ ಕಾಲು ಕೂರದೆ ಇದ್ದಾಗ ಅನ್ನಿಸುತ್ತದಲ್ಲ, ಹಾಗೆ. ನಿನ್ನೆ ಗೊತ್ತಾಯಿತು.

ನಿನ್ನೆ ಗಿಳಿಗೆ ಹೊಸ ಕಾಲು ತೊಡಿಸಿದೆ. ಎರಡು ಕಂಬಿಗಳ ನಡುವೆ ಹಿಡಿದು ನಾಲ್ಕು ಸಲ ಆಚೀಚೆ ನಡೆದಳು. ಐದನೆಯ ಸಲ ಕಂಬಿ ಬಿಟ್ಟು, ನಾನು ಬೇಡ ಅನ್ನುವ ಮೊದಲೇ, ಬಾಗಿಲು ದಾಟಿ ಹೊರಗೆ ಹೋದಳು. ಹಿಂದೆಯೇ ಓಡಿದೆ. ಬೆಂಚಿನ ಮೇಲೆ ಅವಳ ತಾಯಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಒಣಗಿದ ಬಟ್ಟೆ ತೆಗೆದುಕೊಂಡು ಬಾ ಎಂದು ಹುಡುಗಿಯನ್ನು ಹಿತ್ತಲಿಗೆ ಕಳಿಸಿದವಳು ಅವಳೇ ಎಂದು ಆಮೇಲೆ ತಿಳಿಯಿತು. ಗಿಳಿ ಹೋಗಿ ಆ ಬೆನ್ನಿಗೆ ಒರಗಿ ನಿಂತು, ಹೊಸ ಕಾಲು ನೋಡು ಅಂದಳು. ತಾಯಿ "ಹೂಂ" ಅಂದಳು. ಸದ್ದು ಮಾಡುತ್ತದೆ ಕೇಳು ಅಂದಳು. "ಹೂಂ." ಗಿಳಿ ಬೇಜಾರು ಮಾಡಿಕೊಳ್ಳಲಿಲ್ಲ. ಅವಳ ಪಕ್ಕದಲ್ಲಿ ಹತ್ತಿ ಕೂತು ಮಾತಾಡುತ್ತಲೇ ಹೋದಳು. ಅವಳಿಗೆ ಅಭ್ಯಾಸವಾಗಿತ್ತು. ಆ ಕೂರುವ ರೀತಿ ನನಗೆ ಗೊತ್ತು, ಅಮ್ಮ. ಎಷ್ಟು ದೂರ ಕೂರಬೇಕು, ಯಾವಾಗ ಮುಟ್ಟಬಾರದು, ಎಲ್ಲ ಗೊತ್ತು.

ಮೆಟ್ಟಿಲ ಕೆಳಗೆ ಇದ್ದದ್ದು ತಮ್ಮನಲ್ಲ. ನೀನು.

ತಲೆಯಲ್ಲಿ ಕೂದಲಿರಲಿಲ್ಲ ಅಂದದ್ದು, ನೀನು ಬೂದು ಕಂಬಳಿಯನ್ನು ತಲೆಯ ತನಕ ಎಳೆದುಕೊಳ್ಳುತ್ತಿದ್ದೆ, ಅದಕ್ಕೆ. ಕಂಬಳಿ ಗಿಡ್ಡ, ಕಾಲು ಹೊರಗೆ ಉಳಿಯುತ್ತಿತ್ತು, ಮುಟ್ಟಿದರೆ ತಣ್ಣಗೆ. ಹಾಲಿನ ವಾಸನೆಯೂ ನಿನ್ನದೇ. ಕುಡಿಯುವವನು ಹೋದ ಮೇಲೂ ಎಷ್ಟೋ ದಿನ ನಿನ್ನ ರವಿಕೆ ಒದ್ದೆಯಾಗುತ್ತಿತ್ತು. ಏನೆಂದು ನನಗೆ ತಿಳಿಯದಿದ್ದರೂ ಆ ವಾಸನೆ ಗೊತ್ತಿತ್ತು. ಏನು ಕೇಳಿದರೂ ನೀನು ಹೂಂ ಅನ್ನುತ್ತಿದ್ದೆ. ಹಸಿವಾಗಿದೆ ಅಂದರೆ ಹೂಂ. ಶಾಲೆಗೆ ಹೋಗಲಾ ಅಂದರೆ ಹೂಂ. ಒಂದು ದಿನ ಸುಮ್ಮನೆ ನೋಡೋಣವೆಂದು, ನಾನು ಬೇರೆ ಮನೆಗೆ ಹೋಗಿಬಿಡಲಾ ಎಂದು ಕೇಳಿದೆ. ಅದಕ್ಕೂ ಹೂಂ ಅಂದೆ. ನಾನು ಹೋಗಿ ಮೆಟ್ಟಿಲ ಕೆಳಗೆ ಕೂತೆ. ಅಲ್ಲಿ ಅದು ಸಿಕ್ಕಿತು.

ನಿನ್ನನ್ನು ಮಾತಾಡಿಸಲು ಆಗುತ್ತಿರಲಿಲ್ಲ. ಅದನ್ನಾದರೆ ಮಾತಾಡಿಸಬಹುದಿತ್ತು. ಅಷ್ಟೇ ಇರಬೇಕು.

ನಂಬಿಕೆ ಬಾರದಿದ್ದರೆ ನಿನ್ನ ಪಾದ ನೋಡಿಕೋ. ಪಕ್ಕದ ಬೆರಳು ಹೆಬ್ಬೆರಳಿಗಿಂತ ಉದ್ದ.

ನೀನು ಅದನ್ನು ಕಳಿಸಲಿಲ್ಲ. ನೀನು ಎದ್ದೆ, ಅದು ಹೋಯಿತು. ಎರಡೂ ಒಂದೇ ಚಳಿಗಾಲದಲ್ಲಿ ಆಯಿತು. ಇಷ್ಟು ವರ್ಷ ಇದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿನ್ನ ಮೇಲೆ ಹೊರಿಸಿದ್ದು ತಪ್ಪಾಯಿತು.

ನಿನ್ನ ಕೈಬರಹ ಹೋದ ಸಲ ತೀರ ಕೆಟ್ಟಿತ್ತು. ಔಷಧಿ ಯಾವುದಕ್ಕೆ? ಸುಳ್ಳು ಹೇಳದೆ ಬರೆ.

ನಿನ್ನ,
ಕುಳ್ಳಿ


ಜುಲೈ 2

ಕುಳ್ಳಿ,

ಕೈ ಸಂಪಾದಕಿಯದು, ಮಾತು ನನ್ನದು. ನಿನ್ನ ಕಾಗದವನ್ನು ಅವಳಿಂದ ಎರಡು ಸಲ ಓದಿಸಿದೆ. ಎರಡನೆಯ ಸಲ ಅವಳಿಗೆ ಓದಲು ಆಗಲಿಲ್ಲ, ನಡುವೆ ನಿಲ್ಲಿಸಿದಳು. ಕಾಲುಚೀಲ ತೆಗೆಸಿ ನೋಡಿದೆ. ಊದಿಕೊಂಡು ಬ್ರೆಡ್ಡಿನ ಹಾಗಿದೆ ಪಾದ, ಆದರೂ ನೀನು ಹೇಳಿದ್ದು ಸರಿ.

ಔಷಧಿ ಹೃದಯಕ್ಕೆ. ವೈದ್ಯರು ನನ್ನ ಮುಂದೆ ಒಂದು ಹೇಳುತ್ತಾರೆ, ಬಾಗಿಲಾಚೆ ಇವಳಿಗೆ ಬೇರೆ ಹೇಳುತ್ತಾರೆ. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖ ನೋಡಿದರೆ ಸಾಕು.

ಪುಸ್ತಕದ ಕೆಲಸಕ್ಕಲ್ಲ. ಬಾ.

ಅಮ್ಮ


ಸೆಪ್ಟೆಂಬರ್ 14

ಸಂಪಾದಕಿಯವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಎರಡು ವಿಷಯ ಕೇಳಿದ್ದೀರಿ. ಕೊನೆಯ ಪುಟವನ್ನು ಮೊದಲ ಮುದ್ರಣದ ಯಾವುದಾದರೂ ಒಳ್ಳೆಯ ಪ್ರತಿಯಿಂದ ತೆಗೆದು ಹಾಗೆಯೇ ಹಾಕಿ. ಸ್ವಲ್ಪ ಮಾಸಲಾಗಿದ್ದರೂ ಪರವಾಗಿಲ್ಲ. ಅಮ್ಮನ ಮೇಜಿನ ಮೇಲಿದ್ದ ಪೆನ್ಸಿಲ್ ಪಾದಗಳನ್ನು ನಾನು ಇಟ್ಟುಕೊಂಡಿದ್ದೇನೆ, ಅವು ಪುಸ್ತಕಕ್ಕಲ್ಲ. ಅರ್ಪಣೆಯನ್ನೂ ಬದಲಿಸಬೇಡಿ. ನನ್ನ ತಮ್ಮನಿಗೆ ಈ ಲೋಕದಲ್ಲಿ ಇರುವುದು ಅದೊಂದು ಸಾಲು. ಅದನ್ನು ಕಿತ್ತುಕೊಂಡು ನಾನು ಏನು ಮಾಡಲಿ?

ಕೇಳದ ಒಂದನ್ನು ಹೇಳುತ್ತೇನೆ. ಆ ಹದಿನೈದು ದಿನ ನೀವು ಸಂಜೆಗೆ ಬರುತ್ತಿದ್ದಿರಿ. ಬೆಳಗ್ಗೆ ನಡೆದದ್ದು ನಿಮಗೆ ಗೊತ್ತಿಲ್ಲ, ನನಗೂ ಬೇರೆ ಯಾರಿಗೆ ಹೇಳಬೇಕೋ ತಿಳಿಯದು.

ನಾನು ಬಂದ ದಿನ ಅಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಬಸ್ಸಿನಲ್ಲಿ ಜಾಗ ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಿತು ಎಂದೆ. ಕಾಗದಗಳ ಮಾತು ಇಬ್ಬರೂ ಎತ್ತಲಿಲ್ಲ. ಎರಡನೆಯ ದಿನ ಅವಳ ತಲೆ ತೊಳೆದು ಬಿಸಿಲಿಗೆ ಕೂರಿಸಿದೆ. ಕೂದಲು ಎಷ್ಟು ಕಡಿಮೆಯಾಗಿತ್ತೆಂದರೆ ಟವೆಲಿನ ಒಂದು ಮೂಲೆ ಸಾಕಾಯಿತು. ಬಂದದ್ದು ಇಷ್ಟಕ್ಕೇ, ಇನ್ನೇನೂ ಆಗುವುದಿಲ್ಲ ಅಂದುಕೊಂಡೆ.

ಮೂರನೆಯ ದಿನ ಬೆಳಗ್ಗೆ ಅವಳಿಗೆ ಬ್ರೆಡ್ ಚೂರು ಮಾಡಿ ಹಾಲಿಗೆ ಹಾಕುತ್ತಿದ್ದೆ. ನನ್ನ ಕೈಯನ್ನೇ ನೋಡುತ್ತಿದ್ದವಳು ಕೇಳಿದಳು, "ಆಗ ನಿಂಗೆ ತಿನ್ನೋಕೆ ಯಾರು ಕೊಡ್ತಿದ್ರು?"

ಯಾವಾಗ ಎಂದೆ.

"ನಾನು ಮಲಗಿದ್ದಾಗ. ಜೂನಲ್ಲಿ."

ಅಪ್ಪ ಕಾರ್ಖಾನೆಗೆ ಹೋಗುವ ಮೊದಲು ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ಇಟ್ಟು ಹೋಗುತ್ತಿದ್ದರು ಎಂದೆ. ಅದು ಮುಗಿದ ಮೇಲೆ ಎಂದು ಕೇಳಿದಳು. ಸಕ್ಕರೆ ಡಬ್ಬಿಗೆ ಬೆರಳು ಹಾಕುತ್ತಿದ್ದೆ ಎಂದೆ. ಡಬ್ಬಿ ಮೇಲಿನ ಗೂಡಿನಲ್ಲಿತ್ತಲ್ಲ, ಹೇಗೆ ಸಿಗುತ್ತಿತ್ತು ಎಂದಳು. ಬಕೆಟ್ ಬೋರಲು ಹಾಕಿ ಹತ್ತುತ್ತಿದ್ದೆ ಎಂದೆ. ಬಿದ್ದೆಯಾ? ಒಂದು ಸಲ ಬಿದ್ದೆ. ಎಲ್ಲಿ ತಗುಲಿತು? ಗಲ್ಲದ ಕೆಳಗಿನ ಗಾಯದ ಗುರುತು ತೋರಿಸಿದೆ. ಅದು ಶಾಲೆಯಲ್ಲಿ ಆದದ್ದೆಂದು ಅವಳು ಇಷ್ಟು ದಿನ ತಿಳಿದಿದ್ದಳಂತೆ. ಬೆರಳಿನಿಂದ ಮುಟ್ಟಿ ನೋಡಿದಳು.

ಮರುದಿನವೂ ಕೇಳಿದಳು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಅವಳಿಗೆ ಉಸಿರು ಸ್ವಲ್ಪ ಹಗುರವಾಗಿರುತ್ತಿತ್ತು, ಆ ಹೊತ್ತನ್ನೆಲ್ಲ ಇದಕ್ಕೇ ಇಟ್ಟುಕೊಂಡಳು. ತಿಂಗಳು ಬಿಡದೆ ಸಾಲಾಗಿ ಕೇಳಿದಳು. ಜುಲೈನಲ್ಲಿ ತಲೆ ಯಾರು ಬಾಚುತ್ತಿದ್ದರು? ಯಾರೂ ಇಲ್ಲ, ಗಂಟುಗಂಟಾಗಿ ಕೊನೆಗೆ ಶಾಲೆಯ ಟೀಚರ್ ಕತ್ತರಿಸಿಬಿಟ್ಟರು. ಎಷ್ಟು ಗಿಡ್ಡ? ಕಿವಿಯ ತನಕ. ಆ ವರ್ಷದ ತರಗತಿ ಫೋಟೋದಲ್ಲಿ ಹುಡುಗರ ಸಾಲಿನಲ್ಲಿ ನಿಲ್ಲಿಸಿದ್ದರು ಎಂದಾಗ ನಕ್ಕಳು. ನಕ್ಕು ಕೆಮ್ಮು ಬಂತು, ಬೆನ್ನು ನೀವಿದೆ. ಆಗಸ್ಟಿನಲ್ಲಿ ನನಗೆ ಜ್ವರ ಬಂದಿತ್ತು. ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ ಎನ್ನಲು ಮನಸ್ಸು ಬರಲಿಲ್ಲ, ಅಪ್ಪ ಇದ್ದರು ಎಂದೆ. ಪಾಳಿ ಬಿಟ್ಟು ಅವರು ಇರುವವರಲ್ಲ, ಸರಿಯಾಗಿ ಹೇಳು ಎಂದಳು. ಸರಿಯಾಗಿ ಹೇಳಿದೆ. ಎಷ್ಟು ದಿನ, ನೀರು ಯಾರು ಕೊಟ್ಟರು, ಹೊದಿಕೆ ಇತ್ತಾ, ಡಾಕ್ಟರರ ಹಾಗೆ ಒಂದೊಂದೇ ಕೇಳಿದಳು. ಸೆಪ್ಟೆಂಬರಿನಲ್ಲಿ ಮೊದಲ ಹಲ್ಲು ಬಿತ್ತು, ಯಾರಿಗೆ ತೋರಿಸಬೇಕೆಂದು ತಿಳಿಯದೆ ಬಚ್ಚಲಿಗೆ ಎಸೆದೆ ಎಂದೆ. ಮೇಲಿನದೋ ಕೆಳಗಿನದೋ ಎಂದಳು.

ಅಷ್ಟೂ ದಿನದಲ್ಲಿ ಕ್ಷಮಿಸು ಎಂದು ಒಂದು ಸಲವೂ ಅನ್ನಲಿಲ್ಲ. ನನಗೂ ಅದು ಬೇಕಾಗಿರಲಿಲ್ಲ. ಇದೇ ಬೇಕಾಗಿತ್ತೆಂದು ಅವಳು ಕೇಳಲು ಶುರು ಮಾಡುವ ತನಕ ನನಗೆ ಗೊತ್ತಿರಲಿಲ್ಲ.

ಈ ಜುಲೈ ಹದಿನೆಂಟರಂದು ಆ ವರ್ಷದ ಸೆಪ್ಟೆಂಬರ್ ಕೇಳಿ ಮುಗಿಯಿತು. ಸುಸ್ತಾಯಿತು, ನಾಳೆ ಅಕ್ಟೋಬರ್ ಎಂದು ಹೇಳಿ ಕಣ್ಣು ಮುಚ್ಚಿದಳು. ಮರುದಿನ ಮಾತಾಡಲು ಉಸಿರು ಸಾಲಲಿಲ್ಲ. ಅದರ ಮರುದಿನ ಬೆಳಗ್ಗೆ ನಡೆದದ್ದು ನಿಮಗೆ ಗೊತ್ತು, ಮೊದಲು ಬಂದವರು ನೀವೇ.

ಏಳು ತಿಂಗಳಲ್ಲಿ ನಾಲ್ಕು ಕೇಳಿ ಮುಗಿಸಿದ್ದಳು. ಅಕ್ಟೋಬರಿನಲ್ಲಿ ನನಗೆ ಓದಲು ಬಂದಿತ್ತು. ಅದನ್ನು ಅವಳಿಗೆ ಹೇಳಬೇಕೆಂದು ಹತ್ತೊಂಬತ್ತರ ಬೆಳಗ್ಗೆ ಬೇಗ ಎದ್ದು, ಮುಖ ತೊಳೆದು, ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತಿದ್ದೆ.

ನಿಮ್ಮ ಲೇಖಕಿಯ ಮಗಳು